ಆಗುವ ಮಾತುಗಳ ಪಂದ್ಯ

ಇಪ್ಪತ್ತೆರಡು ವರ್ಷ ಒಂದೇ ಶಾಲೆಯ ಹಿಂದಿನ ಬೆಂಚಿನ ಮೇಲೆ ಕೂತವನನ್ನು ದಡ್ಡ ಎನ್ನಬೇಕೋ ಪಂಡಿತ ಎನ್ನಬೇಕೋ ನೀವೇ ಹೇಳಿ. ನಮ್ಮ ಬುರ್ದಿಗಲ ಪಟ್ಟಣದ ತ್ರೋಫಿಮ ಹಾಗೆ ಕೂತವನು. ನಪಾಸಾಗಿ ಕೂತದ್ದಲ್ಲ, ಅವನು ವಿದ್ಯಾರ್ಥಿಯೇ ಅಲ್ಲ. ದ್ರಾಕ್ಷಾರಸದ ವ್ಯಾಪಾರಿ ವೆರಾನಿಯನ ಮನೆಯ ಗುಲಾಮ. ಮನೆಯ ಮಗುವನ್ನು ಬೆಳಿಗ್ಗೆ ಶಾಲೆಗೆ ಕರೆದುಕೊಂಡು ಹೋಗುವುದು, ಪಾಠ ಮುಗಿಯುವ ತನಕ ಹಿಂದೆ ಕೂತು ಕಾಯುವುದು, ಮನೆಗೆ ಬಂದಮೇಲೆ ಅದೇ ಪಾಠವನ್ನು ಒಪ್ಪಿಸಿಕೊಳ್ಳುವುದು, ಇಷ್ಟು ಅವನ ಕೆಲಸ. ಅನುಕೂಲಸ್ಥರ ಮನೆಯಲ್ಲೆಲ್ಲ ಅಂಥ ಒಬ್ಬ ಆಳು ಇರುತ್ತಾನೆ.

ಮೊದಲು ಅವನು ಕೈಹಿಡಿದು ಕರೆದೊಯ್ದದ್ದು ವೆರಾನಿಯನನ್ನೇ. ಆಗ ವೆರಾನಿಯನಿಗೆ ಏಳು ವರ್ಷ, ತ್ರೋಫಿಮನಿಗೆ ಇಪ್ಪತ್ತನಾಲ್ಕು. ಆಮೇಲೆ ವೆರಾನಿಯನ ಇಬ್ಬರು ತಮ್ಮಂದಿರು. ಕೊನೆಗೆ ವೆರಾನಿಯನ ಮಗ ಸಿಲ್ವೀನ. ಮಕ್ಕಳು ಬಂದರು, ಬೆಳೆದರು, ಹೋದರು. ಪಾಠ ಹೇಳುತ್ತಿದ್ದ ದೊಡ್ಡ ಮೇಷ್ಟ್ರು ತೀರಿಕೊಂಡು ಅವರ ಮಗ ಮಾಕ್ರೀನ ಮೇಷ್ಟ್ರು ಬಂದರು. ಬೆಂಚು ಮಾತ್ರ ಬದಲಾಗಲಿಲ್ಲ. ಅದರ ಗೋಡೆಯ ಕಡೆಯ ತುದಿ ತ್ರೋಫಿಮನ ಅಳತೆಗೆ ಸರಿಯಾಗಿ ಸವೆದುಹೋಗಿತ್ತು.

ಬೇರೆ ಮನೆಗಳ ಆಳುಗಳು ಆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ತ್ರೋಫಿಮನಿಗೆ ಕೂತಲ್ಲಿ ನಿದ್ದೆ ಬಾರದು. ಬೇರೆ ಉಪಾಯವಿಲ್ಲದೆ ಪಾಠ ಕೇಳಿದ. ಅವನ ತಾಯಿನುಡಿ ಗ್ರೀಕ್, ಲ್ಯಾಟಿನ್ ಅವನಿಗೆ ಹೊಸದು, ಹೊಸದಾದ್ದರಿಂದಲೇ ರುಚಿ. ಅದರಲ್ಲೂ ದೊಡ್ಡ ಮೇಷ್ಟ್ರಿಗೆ ಪ್ರಾಣವಾಗಿದ್ದ ಒಂದು ಪಾಠ ಅವನಿಗೂ ಪ್ರಾಣವಾಯಿತು. ಅದು ಆಗುವ ಮಾತುಗಳ ಪಾಠ.

“ಕೆಂಪಗಿದೆ ಅನ್ನೋದು ಮುಗಿದ ಮಾತು ಕಣ್ರೋ,” ಎನ್ನುತ್ತಿದ್ದರು ದೊಡ್ಡ ಮೇಷ್ಟ್ರು. “ಕೆಂಪಾಗ್ತಾ ಇದೆ ಅನ್ನಿ. ಅದು ಜೀವ ಇರೋ ಮಾತು.”

ಲ್ಯಾಟಿನ್ನಿನಲ್ಲಿ ಕ್ರಿಯಾಪದಕ್ಕೆ ‘ಸ್ಕೊ’ ಎಂದು ಒಂದು ಬಾಲ ಹಚ್ಚಿದರೆ ಸಾಕು, ನಿಂತದ್ದು ನಡೆಯತೊಡಗುತ್ತದೆ. ‘ರುಬೇಸ್ಕೊ’ ಎಂದರೆ ಕೆಂಪೇರತೊಡಗಿದ್ದೇನೆ. ‘ಕಲೇಸ್ಕೊ’ ಎಂದರೆ ಬಿಸಿಯೇರತೊಡಗಿದ್ದೇನೆ. ಹಾಲು ಹುಳಿಯುವುದಕ್ಕೆ, ಹಣ್ಣು ಮಾಗುವುದಕ್ಕೆ, ಸಂಜೆಯಾಗುವುದಕ್ಕೆ, ಕೂದಲು ನರೆಯುವುದಕ್ಕೆ, ಕಡೆಗೆ ಮನುಷ್ಯ ಪೆದ್ದಾಗತೊಡಗುವುದಕ್ಕೂ ಇಂಥ ಒಂದೊಂದೇ ಪದ. ನೂರು ಪದ ಒಪ್ಪಿಸಬೇಕು. ತಪ್ಪಿದರೆ ಅಂಗೈಗೆ ಬೆತ್ತ.

ವೆರಾನಿಯನಿಗೆ ಹತ್ತರ ಮೇಲೆ ನೆನಪಿರುತ್ತಿರಲಿಲ್ಲ. ಊದಿದ ಅಂಗೈ ಹಿಡಿದುಕೊಂಡು ದಾರಿಯುದ್ದಕ್ಕೂ ಅಳುತ್ತಾ ಬರುತ್ತಿದ್ದ ಆ ಮಗುವನ್ನು ನೋಡಲಾರದೆ ತ್ರೋಫಿಮ ಒಂದು ಕಳ್ಳದಾರಿ ಕಂಡುಹಿಡಿದ. ಗಡ್ಡ ನೀವಿದರೆ ಮುದಿಯಾಗುವುದು. ಕಣ್ಣುಜ್ಜಿದರೆ ನಿದ್ದೆ ಹತ್ತುವುದು. ಅಂಗೈ ಮೇಲೆ ಊದಿದರೆ ಆರುವುದು. ಕೆನ್ನೆ ಉಬ್ಬಿಸಿದರೆ ಕೊಬ್ಬುವುದು. ಹೀಗೆ ನೂರಕ್ಕೆ ನೂರು ಸನ್ನೆ. ಮೇಷ್ಟ್ರು ಬೆನ್ನು ತಿರುಗಿಸಿದಾಗ ಹಿಂದಿನ ಬೆಂಚಿನಲ್ಲಿ ಒಂದು ನಾಟಕವೇ ನಡೆಯುತ್ತಿತ್ತು. ವೆರಾನಿಯ ಶಾಲೆಗೇ ಮೊದಲಿಗನಾದ.

ಒಂದು ಸಂಗತಿ ಮಾತ್ರ ತ್ರೋಫಿಮನನ್ನು ಕೆಣಕುತ್ತಿತ್ತು. ಗುಲಾಮ ಬಿಡುಗಡೆಯಾಗತೊಡಗುವುದಕ್ಕೆ ಅವನ ಪಟ್ಟಿಯಲ್ಲಿ ಪದವಿರಲಿಲ್ಲ. ಅದು ಹಣ್ಣು ಮಾಗಿದ ಹಾಗೆ ತಾನಾಗಿ ಆಗುವಂಥದ್ದಲ್ಲ, ಇನ್ನೊಬ್ಬರು ಮನಸ್ಸು ಮಾಡಬೇಕು, ಅದಕ್ಕೇ ಇರಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸುಮ್ಮನಾಗಿದ್ದ.

ಈ ಶರತ್ಕಾಲದಲ್ಲಿ ಸಿಲ್ವೀನನಿಗೆ ಹದಿನೈದು ತುಂಬಿತು. ವ್ಯಾಕರಣದ ಶಾಲೆ ಮುಗಿಯಿತು. ಮುಂದೆ ಭಾಷಣ ಕಲಿಸುವ ಗುರುಗಳ ಹತ್ತಿರ ಹೋಗಬೇಕು, ಅಲ್ಲಿಗೆ ಮೀಸೆ ಚಿಗುರಿದ ಹುಡುಗರು ತಾವೇ ಹೋಗುತ್ತಾರೆ. ಹಾಗಾಗಿ ತ್ರೋಫಿಮನಿಗೆ ಕೆಲಸವಿಲ್ಲದಂತಾಯಿತು. ವೆರಾನಿಯ ಕೆಟ್ಟವನೇನಲ್ಲ. ತನಗೆ ತೋಚಿದ ಮಟ್ಟಿಗೆ ಯೋಚನೆ ಮಾಡಿ ಒಂದು ಏರ್ಪಾಡು ಮಾಡಿದ.

“ನೋಡು ತ್ರೋಫಿಮ, ಮೂವತ್ತಾರು ವರ್ಷ ದುಡಿದಿದ್ದೀಯ. ಇನ್ನು ಹಾಯಾಗಿರು. ನದಿ ಮೇಲ್ಗಡೆ ನಮ್ಮ ತೋಟ ಇದೆಯಲ್ಲ, ಅಲ್ಲಿ ನಲವತ್ತು ಹಂದಿ ಇದಾವೆ. ಓಕ್ ಮರದ ಕೆಳಗೆ ಬಿಟ್ರೆ ಅವೇ ಮೇಯ್ತವೆ. ನೀನು ಸುಮ್ನೆ ನೋಡ್ತಾ ಕೂತಿರೋದು. ಕೂರೋದು ನಿನಗೆ ಅಭ್ಯಾಸ ಇದ್ದೇ ಇದೆ.”

ತ್ರೋಫಿಮನಿಗೆ ಹಂದಿ ಕಂಡರೆ ಜೀವ ಹೋಗುತ್ತದೆ. ಹಿಂದೊಮ್ಮೆ ಸಂತೆಯಲ್ಲಿ ಒಂದು ಹೆಣ್ಣುಹಂದಿ ಅವನ ಹಿಮ್ಮಡಿ ಕಚ್ಚಿ ಹಿಡಿದು ಬಿಟ್ಟಿರಲಿಲ್ಲ. ಆದರೆ ಧಣಿ ಅಷ್ಟು ಪ್ರೀತಿಯಿಂದ ಹೇಳುವಾಗ ಏನೆನ್ನುವುದು? ತಲೆಯಾಡಿಸಿ ಬಂದ.

ಇದನ್ನು ಕೇಳಿ ಮಾಕ್ರೀನ ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು. ಅವರ ಗಂಟಲು ಮೂವತ್ತು ವರ್ಷ ಕೂಗಿ ಕೂಗಿ ಹರಿದ ತಮಟೆಯಾಗಿತ್ತು. ಕೈಕೆಳಗಿದ್ದ ಉಪಾಧ್ಯಾಯ ಮದುವೆಯಾಗಿ ತೊಲೋಸ ಪಟ್ಟಣಕ್ಕೆ ಹೊರಟುಹೋಗಿದ್ದ.

“ಅಲ್ಲಯ್ಯ, ಪಟ್ಟಣದಲ್ಲಿ ನನ್ನನ್ನು ಬಿಟ್ರೆ ನಿನ್ನಷ್ಟು ಪಾಠ ಬಲ್ಲವರು ಇನ್ಯಾರಿದಾರೆ? ಒಂದೊಂದು ಸಲ ನನ್ನನ್ನೂ ಬಿಡಬೇಕಾಗಿಲ್ಲ. ನೀನೊಬ್ಬ ಸ್ವತಂತ್ರ ಮನುಷ್ಯ ಆಗಿದ್ರೆ ನಾಳೆ ಬೆಳಿಗ್ಗೇನೇ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಸ್ತಿದ್ದೆ. ಏನ್ ಮಾಡ್ಲಿ, ಇನ್ನೊಬ್ಬರ ಮನೆ ಆಳಿನ ಕೈಲಿ ತಮ್ಮ ಮಕ್ಕಳಿಗೆ ಬೆತ್ತದ ಏಟು ಬೀಳೋದನ್ನ ಈ ಊರಿನ ಅಪ್ಪಂದಿರು ಒಪ್ಪಲ್ಲ.”

“ನಾನು ಹೊಡೆಯೋದೇ ಇಲ್ಲ ಮೇಷ್ಟ್ರೆ.”

“ಹೊಡೆಯದಿದ್ರೆ ಅದನ್ನೂ ಒಪ್ಪಲ್ಲ. ನಿಮ್ಮ ಧಣಿನ ಬಾಯಿಬಿಟ್ಟು ಕೇಳು ಮಾರಾಯ. ನನ್ನ ಹತ್ರ ನಲವತ್ತು ಮಕ್ಕಳಿದಾರೆ.”

ಅಲ್ಲಿ ನಲವತ್ತು ಹಂದಿ, ಇಲ್ಲಿ ನಲವತ್ತು ಮಕ್ಕಳು. ಯಾವುದು ಬೇಕು ಎಂದು ಯಾರಾದರೂ ಕೇಳಿದ್ದರೆ ತ್ರೋಫಿಮ ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಯೋಚಿಸುತ್ತಿರಲಿಲ್ಲ. ಕೇಳುವವರು ಬೇಕಲ್ಲ.

ಆ ವಾರ ಅವನು ಮೂರು ಸಲ ಪ್ರಯತ್ನಪಟ್ಟ. ಮೊದಲ ಸಲ ನೆಲಮಾಳಿಗೆಯಲ್ಲಿ. ವೆರಾನಿಯ ಹೊಸ ರಸದ ಹರವಿಗೆ ಕಿವಿಗೊಟ್ಟು ನಿಂತಿದ್ದ. “ಧಣಿ, ಒಂದು ಮಾತು,” ಎಂದ ತ್ರೋಫಿಮ. “ಶ್, ಕುದೀತಾ ಇದೆ ಕೇಳು,” ಎಂದ ವೆರಾನಿಯ. ಇಬ್ಬರೂ ಕೇಳಿದರು. ಎರಡನೆಯ ಸಲ ಕ್ಷೌರ ಮಾಡಿಸಿಕೊಳ್ಳುವಾಗ, ಧಣಿಯ ಗಂಟಲ ಮೇಲೆ ಕತ್ತಿ ಇತ್ತು, ಆ ಹೊತ್ತಿನಲ್ಲಿ ಬಿಡುಗಡೆ ಕೇಳಿದರೆ ಅಪಾರ್ಥವಾದೀತು ಎಂದು ಹಿಂದೆ ಸರಿದ. ಮೂರನೆಯ ಸಲ ಅಂಗಳದಲ್ಲಿ ವೆರಾನಿಯನೇ ತಿರುಗಿ ನಿಂತು, “ಏನೋ ಹೇಳ್ಬೇಕು ಅಂತ ವಾರದಿಂದ ಸುಳಿದಾಡ್ತಾ ಇದೀಯಲ್ಲ, ಏನದು?” ಎಂದು ಕೇಳಿಯೇ ಬಿಟ್ಟ. ತ್ರೋಫಿಮನ ಬಾಯಿಯಿಂದ ಬಂದ ಮಾತು, “ಚಪ್ಪಲಿ ಹರಿದಿದೆ ಧಣಿ.”

ಸಂಜೆಯೊಳಗೆ ಹೊಸ ಚಪ್ಪಲಿ ಬಂತು. ಒಳ್ಳೆಯ ಚಪ್ಪಲಿಯೇ. ತ್ರೋಫಿಮನಿಗೆ ಅದನ್ನು ಮೆಟ್ಟಿಕೊಂಡು ತನ್ನ ಬಾಯಿಯ ಮೇಲೆ ತಾನೇ ಒದೆಯಬೇಕೆನ್ನಿಸಿತು.

ಹೀಗೆ ಹೊರಡುವ ಮುನ್ನಾದಿನ ಬಂತು. ಮಾರನೆಯ ಬೆಳಿಗ್ಗೆ ಖಾಲಿ ಪೀಪಾಯಿಗಳ ದೋಣಿ ತೋಟಕ್ಕೆ ಹೊರಡುವುದಿತ್ತು, ಅದರಲ್ಲಿ ತ್ರೋಫಿಮನೂ ಹೊರಡಬೇಕು. ಆವತ್ತು ಮಧ್ಯಾಹ್ನ ಮಗನ ಶಾಲೆ ಮುಗಿದ ಸಂತೋಷಕ್ಕೆ ಮನೆಯಲ್ಲಿ ಔತಣ. ಅಡುಗೆಯ ನೆರ್ತಕ್ಕ ಬೆಳಗಿನಿಂದ ಸಿಂಪಿ ಬಿಡಿಸಿ ಬಿಡಿಸಿ ಬೆರಳು ಕುಯ್ದುಕೊಂಡಿದ್ದಳು.

“ಕೇಳಿದ್ಯಾ ಮುದುಕಪ್ಪಾ?” ಎಂದಳು, ತ್ರೋಫಿಮ ರಸದ ಹೂಜಿ ತುಂಬಿಸಿಕೊಳ್ಳಲು ಒಳಗೆ ಬಂದಾಗ.

“ಇಲ್ಲ.”

“ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ಹೋಗು, ಹಂದಿಗಳ ಮುಂದೆ ನಿಂತು ಲ್ಯಾಟಿನ್ ಒದರು. ಅವು ನಮ್ಮ ಧಣಿಗಿಂತ ಬೇಗ ಕಲೀತವೆ.”

“ಊಟ ಆದ್ಮೇಲೆ ಕೇಳ್ತೀನಿ.”

“ಊಟ ಆದ್ಮೇಲೆ ಅವ್ರು ಮಲಗ್ತಾರೆ, ಬೆಳಗಾದ್ರೆ ನೀನು ದೋಣೀಲಿರ್ತೀಯ.” ನೆರ್ತಕ್ಕ ಚಾಕು ಕೆಳಗಿಟ್ಟು ಅವನ ಕಡೆ ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಈರುಳ್ಳಿಯನ್ನು ಅವಳು ಇನ್ನೂ ಮುಟ್ಟಿರಲಿಲ್ಲ.

ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅರ್ಧಚಂದ್ರದ ಊಟದ ಮಂಚದ ಮೇಲೆ ಎಡಮೊಣಕೈ ಊರಿ ಎಲ್ಲರೂ ಒರಗಿದರು. ಯಜಮಾನ ವೆರಾನಿಯ, ಅವನ ಹೆಂಡತಿ ಇಡಾಲಿಯಾ, ಮಗ ಸಿಲ್ವೀನ, ಮಾಕ್ರೀನ ಮೇಷ್ಟ್ರು, ಮತ್ತೆ ವಕೀಲ ತೌರೀನ. ಈ ತೌರೀನ ವೆರಾನಿಯನ ಜೊತೆ ಓದಿದವನು, ಬಾಯಿ ಜೋರು, ವೆರಾನಿಯನಿಗೂ ಅವನಿಗೂ ಏಳನೆಯ ವಯಸ್ಸಿನಿಂದ ಪೈಪೋಟಿ. ವೆರಾನಿಯನ ಪಕ್ಕದ ಒಂದು ಜಾಗ ಖಾಲಿಯಿತ್ತು. ಬರಬೇಕಾಗಿದ್ದ ಭಾವಮೈದುನ ಕಾಲುನೋವೆಂದು ಹೇಳಿಕಳಿಸಿದ್ದ. ತ್ರೋಫಿಮ ಹೂಜಿ ಹಿಡಿದು ಗೋಡೆಗೆ ಬೆನ್ನು ಕೊಟ್ಟು, ತೌರೀನನಿಗೆ ಓರೆಯಾಗಿ, ಧಣಿಗೆ ನೇರವಾಗಿ ನಿಂತ.

ಸಿಂಪಿ ಮುಗಿಯುವ ಹೊತ್ತಿಗೆ ತೌರೀನ ಬಾಯಿ ಒರೆಸಿಕೊಂಡ.

“ಏ ವೆರಾನಿಯ, ಹುಡುಗನ ಶಾಲೆ ಮುಗೀತು ಅಂತೀಯ, ಆಗುವ ಮಾತುಗಳ ಪಂದ್ಯ ಆಡದೆ ಮುಗಿಯೋದು ಹೇಗೆ? ನಾವೆಲ್ಲ ಬೆತ್ತ ತಿನ್ನೋವಾಗ ನೀನೊಬ್ಬ ನೂರೂ ಹೇಳಿ ಬೀಗ್ತಾ ಕೂರ್ತಿದ್ದೆ. ಅದು ಹೇಗೆ ಸಾಧ್ಯ ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ. ಬಾ, ನೋಡೇಬಿಡೋಣ.”

ಆ ಶಾಲೆಯಲ್ಲಿ ಕಲಿತವರು ಎಲ್ಲಿ ಸೇರಿದರೂ ಈ ಪಂದ್ಯ ಆಡದೆ ಏಳುವುದಿಲ್ಲ. ಸುತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಆಗುವ ಮಾತು ಹೇಳಬೇಕು. ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಮೇಷ್ಟ್ರು ಹತ್ತು ಎಣಿಸುವುದರೊಳಗೆ ಹೊಳೆಯದಿದ್ದರೆ ಸೋತ ಲೆಕ್ಕ. ಸೋತವರು ತಾವೇ ಎದ್ದು ಎಲ್ಲರ ಬಟ್ಟಲಿಗೂ ರಸ ಸುರಿಯಬೇಕು. ವೆರಾನಿಯನ ಮುಖ ಸಪ್ಪಗಾಯಿತು. ಆದರೆ ಮಗನ ಎದುರು ಆಗಲ್ಲ ಎನ್ನುವುದುಂಟೆ?

“ಬೆಳಗಾಗುವುದು,” ಎಂದ ಸಿಲ್ವೀನ.

“ಮೃದುವಾಗುವುದು,” ಎಂದಳು ಇಡಾಲಿಯಾ.

“ಕಾಡುಬೀಳುವುದು,” ಎಂದರು ಮೇಷ್ಟ್ರು, ಕತ್ತರಿಸದೆ ಬಿಟ್ಟ ದ್ರಾಕ್ಷಿಬಳ್ಳಿಯ ವಿಷಯಕ್ಕೆ ಮಾತ್ರ ಬರುವ ಒಂದು ಅಪರೂಪದ ಪದವನ್ನು ಹೆಕ್ಕಿ.

“ಶ್ರೀಮಂತನಾಗುವುದು,” ಎಂದ ತೌರೀನ.

“ವಕೀಲರ ಬಾಯಲ್ಲಿ ಇನ್ನೇನು ಬರುತ್ತೆ,” ಎಂದ ವೆರಾನಿಯ. “ಹುಳಿಯಾಗುವುದು.” ರಸ ಹುಳಿಯಾಗುವುದು ಅವನ ಹಗಲೂ ರಾತ್ರಿಯ ಭಯ, ಆ ಪದ ಮಾತ್ರ ಅವನಿಗೆ ಎಂದೂ ಮರೆತಿರಲಿಲ್ಲ.

ಎರಡನೆಯ ಸುತ್ತಿಗೆ ಅವನ ಸರಕು ಮುಗಿಯಿತು. ಮೇಷ್ಟ್ರು ಬೆರಳಿನಿಂದ ಮೇಜು ತಟ್ಟುತ್ತಾ ನಾಲ್ಕು, ಐದು ಎನ್ನುತ್ತಿರುವಾಗ ಅವನ ಕಣ್ಣು ತಾನಾಗಿ ಗೋಡೆಯ ಕಡೆ ಹೊರಳಿತು. ಇಪ್ಪತ್ತೆಂಟು ವರ್ಷವಾಗಿತ್ತು ಆ ನೋಟಕ್ಕೆ. ತ್ರೋಫಿಮನ ಕೈಯೂ ತಾನಾಗಿಯೇ ಎದ್ದು ಕಣ್ಣುಜ್ಜಿತು.

“ನಿದ್ದೆ ಹತ್ತುವುದು,” ಎಂದ ವೆರಾನಿಯ ಜೋರಾಗಿ.

ಮೂರನೆಯ ಸುತ್ತಿಗೆ ಗಡ್ಡ ನೀವಿದ್ದಾಯಿತು. ನಾಲ್ಕನೆಯ ಸುತ್ತಿಗೆ ಅಂಗೈ ಊದಬೇಕೆಂದು ತ್ರೋಫಿಮ ಮೊದಲೇ ಯೋಚಿಸಿಟ್ಟುಕೊಂಡ. ಅಷ್ಟರಲ್ಲಿ ಇಡಾಲಿಯಾಳ ಸರದಿ ಬಂತು, ಅವಳಿಗೆ ಏನೂ ಹೊಳೆಯಲಿಲ್ಲ. ಮೇಷ್ಟ್ರು ಎಂಟು ಎನ್ನುವಾಗ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ನೆರ್ತಕ್ಕ ಸಿಡುಕಿದಳು: “ಅಮ್ಮಾವ್ರೇ, ಹಾವುಮೀನು ಆರ್ತಾ ಇದೆ, ನಿಮ್ಮ ಆಟ ಆಮೇಲಿರಲಿ.”

“ಆರುವುದು,” ಎಂದಳು ಇಡಾಲಿಯಾ ತಕ್ಷಣ.

“ಇದು ಮೋಸ,” ಎಂದ ತೌರೀನ.

“ಮಾತು ಎಲ್ಲಿ ಬಿದ್ದಿದ್ರೂ ಎತ್ಕೊಂಡವರದ್ದು,” ಎಂದು ಮೇಷ್ಟ್ರು ತೀರ್ಪು ಕೊಟ್ಟರು. ನೆರ್ತಕ್ಕ ತಾನು ಏನು ಮಾಡಿದೆನೆಂದು ತಿಳಿಯದೆ ತಟ್ಟೆ ಇಟ್ಟು ಹೋದಳು.

ಆದರೆ ತ್ರೋಫಿಮ ಇಟ್ಟುಕೊಂಡಿದ್ದ ಪದ ಹೋಯಿತಲ್ಲ. ವೆರಾನಿಯನ ಸರದಿ ಬಂದಾಗ ಅವಸರದಲ್ಲಿ ಎರಡು ಕೆನ್ನೆಯನ್ನೂ ಉಬ್ಬಿಸಿ ನಿಂತ. ಅದೇ ಹೊತ್ತಿಗೆ ತೌರೀನ ರಸ ಬೇಕೆಂದು ಬಟ್ಟಲು ಎತ್ತಿ ಅವನ ಕಡೆ ತಿರುಗಿದ.

ಅರವತ್ತು ವರ್ಷದ ಮನುಷ್ಯ ಗೋಡೆಯ ಪಕ್ಕ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಾನೆ. ಈ ಕಡೆ ವೆರಾನಿಯ, “ಕೊಬ್ಬುವುದು,” ಎಂದ. ತೌರೀನ ಒಮ್ಮೆ ಇವನನ್ನು ನೋಡಿದ, ಒಮ್ಮೆ ಅವನನ್ನು ನೋಡಿದ. ನಿಧಾನವಾಗಿ ಬಟ್ಟಲು ಕೆಳಗಿಟ್ಟ.

“ಸಿಕ್ಕಿಬಿದ್ದೆ ಮಗನೇ. ಇಷ್ಟೂ ವರ್ಷ ಇದಾ ಕಥೆ? ಅಯ್ಯೋ ನನ್ನ ಅಂಗೈಯೇ. ನಾನು ತಿಂದ ಏಟು ಯಾವನ್ ವಾಪಸ್ ಕೊಡ್ತಾನೆ?”

ವೆರಾನಿಯನ ಮುಖದ ಮೇಲೆ ರಕ್ತ ಏರಿತು. ಸಿಲ್ವೀನ ಅಪ್ಪನ ಕಡೆ ಬೆರಳು ತೋರಿಸಿ, “ಕೆಂಪೇರುವುದು,” ಎಂದ. ಇಡಾಲಿಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ತ್ರೋಫಿಮ ಮಾತ್ರ ನಗಲಿಲ್ಲ. ಮನೆತನದ ಮಾನ ಕಳೆದೆ, ಇನ್ನು ಬಿಡುಗಡೆ ಕೇಳುವ ಮುಖ ಎಲ್ಲಿಂದ ತರಲಿ ಎಂದುಕೊಂಡ.

ವೆರಾನಿಯನಿಗೆ ಅವಮಾನವಾದರೆ ತಗ್ಗುವ ಸ್ವಭಾವವಲ್ಲ, ಇನ್ನಷ್ಟು ಏರುವ ಸ್ವಭಾವ. “ಹೌದಯ್ಯ, ಹೇಳಿಕೊಡ್ತಿದ್ದ. ಏನೀಗ? ಕದ್ದು ಮುಚ್ಚಿ ಯಾಕೆ, ನಿನ್ನ ಎದುರಿಗೇ ಇಟ್ಕೊಂಡು ಆಡ್ತೀನಿ. ನಿನಗೂ ಬೇಕಿದ್ರೆ ಮೇಷ್ಟ್ರನ್ನೇ ಸೇರಿಸ್ಕೋ. ತ್ರೋಫಿಮ, ಬಾ ಇಲ್ಲಿ.”

“ಧಣಿ?”

“ಬಾ ಅಂದ್ರೆ ಬಾರಯ್ಯ. ಗೋಡೆ ಬೀಳಲ್ಲ.” ಕೈಹಿಡಿದು ಎಳೆದು ಖಾಲಿ ಜಾಗಕ್ಕೆ ಹಾಕಿಕೊಂಡ. ಹೂಜಿ ಕಿತ್ತು ನೆಲಕ್ಕಿಟ್ಟ. ಹಾವುಮೀನಿನ ತಟ್ಟೆ ಅವನ ಮುಂದೆ ತಳ್ಳಿದ. “ತಿನ್ನು. ಹೊಟ್ಟೆಗಿಲ್ದೆ ತಲೆ ಓಡಲ್ಲ. ಇವನನ್ನ ಇವತ್ತು ಮಣ್ಣುಮುಕ್ಕಿಸದೆ ಏಳಬಾರ್ದು.”

ಮೂವತ್ತಾರು ವರ್ಷ ಬೇರೆಯವರು ಒರಗುವುದನ್ನು ನೋಡಿದ್ದರೂ ತ್ರೋಫಿಮ ಬಲಮೊಣಕೈ ಊರಿದ. “ತಾತಾ, ಎಡಗೈ,” ಎಂದು ಸಿಲ್ವೀನ ಪಿಸುಗುಟ್ಟಿದ. ತ್ರೋಫಿಮ ಹೊರಳಿಕೊಂಡ. ಮಂಚ ಇಷ್ಟು ಮೆತ್ತಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹಾಸಿಗೆಯನ್ನು ದಿನವೂ ಕೊಡವಿ ಹಾಕುತ್ತಿದ್ದವನು ಅವನೇ.

ಪಂದ್ಯ ಮತ್ತೆ ಹತ್ತಿಕೊಂಡಿತು. ಸಿಲ್ವೀನ, ಇಡಾಲಿಯಾ ಇಬ್ಬರೂ ಪಕ್ಕಕ್ಕೆ ಸರಿದು ನೋಡುವವರಾದರು. ಮೇಷ್ಟ್ರು ಎಣಿಕೆಗೆ ನಿಂತರು. ತೌರೀನ ಒಂದು ಹೇಳಿದರೆ ತ್ರೋಫಿಮ ಒಂದು. ಆ ಶಾಲೆಯ ಪಾಠವನ್ನು ಅವನು ಬಾಯಿಬಿಟ್ಟು, ಹತ್ತು ಜನಕ್ಕೆ ಕೇಳುವಂತೆ ಹೇಳಿದ್ದು ಅದೇ ಮೊದಲು. ಶುರುವಿನಲ್ಲಿ ಒಂದೊಂದೇ ಪದ ಬಂತು. ಆಮೇಲೆ ಕಟ್ಟೆಯೊಡೆಯಿತು. ಸೊರಗುವುದು, ಬಲಿಯುವುದು, ಬೂಸ್ಟು ಹಿಡಿಯುವುದು, ಗಟ್ಟಿಯಾಗುವುದು, ಒಣಗುವುದು, ಹುರುಪೇರುವುದು, ಕಪ್ಪಡರುವುದು. ಮಾಕ್ರೀನ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಂದೊಂದು ಪದವನ್ನೂ ತಮ್ಮ ತಂದೆ ಎಳೆದು ಹೇಳುತ್ತಿದ್ದ ಹಾಗೆಯೇ ಈ ಮುದುಕ ಎಳೆದು ಹೇಳುತ್ತಿದ್ದ. ಮೇಷ್ಟ್ರಿಗೆ ಎಣಿಸುವುದೇ ಎರಡು ಸಲ ಮರೆಯಿತು.

“ತಳಮಳಗೊಳ್ಳುವುದು,” ಎಂದ ತೌರೀನ, ಹಣೆ ಒರೆಸಿಕೊಳ್ಳುತ್ತಾ.

“ಸಿಹಿಯಾಗುವುದು,” ಎಂದ ತ್ರೋಫಿಮ.

ತೌರೀನ ಸೂರು ನೋಡಿದ, ತಟ್ಟೆ ನೋಡಿದ. ಮೇಷ್ಟ್ರು ಹತ್ತು ಎಂದರು. ವೆರಾನಿಯ ದಿಂಬಿಗೆ ಗುದ್ದಿ ಗುದ್ದಿ ನಕ್ಕ, ಮೂವತ್ತು ವರ್ಷದ ಸೇಡು ತೀರಿತೆಂಬಂತೆ. “ಏಳಯ್ಯ ವಕೀಲ, ಹೂಜಿ ಹಿಡಿ.”

ತೌರೀನ ಸೋಲನ್ನು ಸೋಲೆಂದು ಒಪ್ಪುವ ಮನುಷ್ಯ. ಎದ್ದು, ಹೂಜಿ ಎತ್ತಿಕೊಂಡು, ಅಂಗಡಿಯವನ ಹಾಗೆ ನಡು ಬಗ್ಗಿಸಿ ಮೇಷ್ಟ್ರಿಗೆ ಸುರಿದ, ಇಡಾಲಿಯಾಗೆ ಸುರಿದ, ಹುಡುಗನಿಗೆ ಅರ್ಧ ಬಟ್ಟಲು ಸುರಿದ, ವೆರಾನಿಯನಿಗೆ ತುಳುಕುವಂತೆ ಸುರಿದ. ತ್ರೋಫಿಮನ ಬಟ್ಟಲಿನ ಮೇಲೆ ಹೂಜಿ ಬಗ್ಗಿಸಿದವನು ಅಲ್ಲೇ ನಿಂತುಬಿಟ್ಟ.

“ತಡಿ. ನಾನು ಯಾರಿಗೆ ಸುರೀತಾ ಇದ್ದೀನಿ?”

ಯಾರಿಗೂ ಅರ್ಥವಾಗಲಿಲ್ಲ.

“ವೆರಾನಿಯ, ನೀನೇ ಕೈಹಿಡಿದು ಎಳ್ಕೊಂಡೆ. ನಿನ್ನ ಮಂಚದ ಮೇಲೆ, ನಿನ್ನ ಮಗ್ಗುಲಲ್ಲಿ. ನಿನ್ನ ಕೈಯಾರೆ ತಟ್ಟೆ ತಳ್ಳಿದೆ. ಮೇಷ್ಟ್ರು ನೋಡಿದಾರೆ, ನಾನು ನೋಡಿದೀನಿ.” ತೌರೀನ ನಗಲು ಹೋದ, ಆದರೆ ಅವನ ದನಿ ಆಗಲೇ ನ್ಯಾಯಸ್ಥಾನದ ದನಿಯಾಗಿತ್ತು. “ಗೆಳೆಯರ ಎದುರಿಗೆ ತನ್ನ ಪಂಕ್ತೀಲಿ ಒರಗಿಸ್ಕೊಂಡು ಊಟಕ್ಕೆ ಹಾಕಿದ್ರೆ ಆ ಆಳು ಆಮೇಲೆ ಆಳಲ್ಲ. ಇದು ನಿನಗೆ ಗೊತ್ತಿಲ್ವಾ?”

ಗೊತ್ತಿಲ್ಲದೆ ಏನು, ಊರಿಗೆಲ್ಲ ಗೊತ್ತಿರುವ ಸಂಗತಿ. ಆಳಿಗೆ ಒಂದು ತುಂಡು ಮೀನು ಕೊಡುವುದಿದ್ದರೂ ನಿಂತಲ್ಲಿಗೇ ಕೊಡುತ್ತಾರೆ, ಮಂಚದ ಹತ್ತಿರ ಸುಳಿಯಗೊಡುವುದಿಲ್ಲ. ಪಂದ್ಯದ ಬಿಸಿಯಲ್ಲಿ ವೆರಾನಿಯನಿಗೆ ಮರೆತಿತ್ತು. ಆಣೆ ಮಾಡಿ ಹೇಳುತ್ತೇನೆ, ತ್ರೋಫಿಮನಿಗೂ ಮರೆತಿತ್ತು. ಈಗ ಅವನ ಬಾಯಲ್ಲಿ ಹಾವುಮೀನಿನ ಒಂದು ತುಣುಕು ಇತ್ತು, ಅದನ್ನು ನುಂಗಬೇಕೋ ಉಗುಳಬೇಕೋ ಅವನಿಗೆ ತಿಳಿಯಲಿಲ್ಲ.

“ಆಟಕ್ಕೆ ಕೂರಿಸಿದ್ದು, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಅಂತ ಈಗಲೇ ಹೇಳಿದ್ರೆ, ಆಟ ಅಷ್ಟೆ, ಅವನು ಎದ್ದು ನಿಲ್ತಾನೆ,” ಎಂದ ತೌರೀನ. “ಹೇಳ್ದಿದ್ರೆ ಭಾನುವಾರ ಬಿಷಪ್ಪರ ಮುಂದೆ ಬರೆಸಿದ್ರೆ ಮುಗೀತು. ಯಾವ್ದು ಹೇಳ್ತೀಯೋ ನೀನೇ ಹೇಳ್ಬೇಕು.”

ವೆರಾನಿಯ ಹೆಂಡತಿಯ ಕಡೆ ನೋಡಿದ. “ನನ್ನ ಮುಖ ಯಾಕೆ ನೋಡ್ತೀರಾ?” ಎಂದಳು ಇಡಾಲಿಯಾ. “ನಿಮ್ಮ ಆಳು, ನಿಮ್ಮ ಮಾತು.” ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಬಟ್ಟಲು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ತ್ರೋಫಿಮನ ಮಂಡಿ ಆಗಲೇ ಏಳುವುದಕ್ಕೆ ಸಿದ್ಧವಾಗಿತ್ತು. ಧಣಿಗೆ ಮುಜುಗರವಾಗುವ ಮೊದಲು ತಾನೇ ಎದ್ದು, ನಕ್ಕು, ಆಟ ಅಷ್ಟೇ ಧಣಿ ಎಂದುಬಿಟ್ಟರೆ ಎಲ್ಲರಿಗೂ ಹಗುರವಾಗುತ್ತಿತ್ತು. ಒಳ್ಳೆಯ ಆಳು ಮಾಡಬೇಕಾದ್ದು ಅದೇ. ಆಗಲೇ ವೆರಾನಿಯ ಕಣ್ಣು ಹೊರಳಿಸಿ ಅವನನ್ನು ನೋಡಿದ. ಏಳು ವರ್ಷದ ಹುಡುಗನ ನೋಟ ಅದು. ನನಗೆ ಹೊಳೀತಿಲ್ಲ, ಏನು ಹೇಳಲಿ, ಬೇಗ ತೋರಿಸು.

ತ್ರೋಫಿಮನಿಗೆ ಉತ್ತರ ಗೊತ್ತಿತ್ತು. ಈ ಹುಡುಗನಿಗೆ ಗೊತ್ತಿಲ್ಲದ ಎಲ್ಲ ಉತ್ತರಗಳೂ ಅವನಿಗೆ ಗೊತ್ತಿದ್ದವು. ಒಂದು ಬೆರಳು ಅಲುಗಿಸಿದ್ದರೆ ಸಾಕಿತ್ತು. ಆದರೆ ತಾನೇ ಹೇಳಿಕೊಟ್ಟು ತಾನೇ ಕೇಳಿಸಿಕೊಂಡ ಬಿಡುಗಡೆ ಯಾರ ಬಿಡುಗಡೆ? ಅದು ಅವನಿಗೆ ಬೇಡವಾಗಿತ್ತು. ಬರುವುದಿದ್ದರೆ ಧಣಿಯ ಮನಸ್ಸಿನಿಂದಲೇ ಬರಲಿ, ಇಲ್ಲದಿದ್ದರೆ ಹಂದಿಯೇ ಸರಿ. ಅವನು ಎರಡು ಕೈಯನ್ನೂ ಹೊಟ್ಟೆಯ ಕೆಳಗೆ ಸೇರಿಸಿಕೊಂಡು, ಕಣ್ಣು ತಗ್ಗಿಸಿ, ಎದುರಿನ ಖಾಲಿ ಸಿಂಪಿಯ ಚಿಪ್ಪನ್ನೇ ನೋಡುತ್ತಾ ಮಲಗಿದ.

ವೆರಾನಿಯ ಕಾದ. ಸನ್ನೆ ಬರಲಿಲ್ಲ. ಮೇಲ್ದುಟಿಯ ಮೇಲೆ ಬೆವರು ಮೂಡಿತು. ಯಾರೂ ಎಣಿಸುತ್ತಿರಲಿಲ್ಲ, ಆದರೂ ಹತ್ತು ಎಂದೋ ದಾಟಿ ಹೋಗಿತ್ತು.

“ಮೇಷ್ಟ್ರೆ,” ಎಂದ ಕೊನೆಗೆ, ಯಾರ ಕಡೆಯೂ ನೋಡದೆ. “ನಿಮ್ಮ ಅಪ್ಪನ ಮುಂದೆ ನಾನು ಒಪ್ಪಿಸಿದ ಉತ್ತರ ಒಂದೂ ನನ್ನದಲ್ಲ. ಎಲ್ಲ ಇವನದ್ದೇ. ನನಗೆ ಏಟು ಬೀಳಬಾರದು ಅಂತ ಮಂಗನ ಹಾಗೆ ಕುಣಿದವನು ಇವನು. ಇವನನ್ನ ನಾನು ಹಂದಿ ಕಾಯೋಕೆ ಕಳಿಸ್ತಾ ಇದ್ದೆ. ಅದನ್ನ ದೊಡ್ಡ ಉಪಕಾರ ಅಂತ ಬೇರೆ ತಿಳ್ಕೊಂಡಿದ್ದೆ.” ಅವನು ಪಕ್ಕಕ್ಕೆ ತಿರುಗಿದ. “ತ್ರೋಫಿಮ, ಏಳಬೇಡ. ಒರಗಿಕೋ. ತೌರೀನ, ಏನಯ್ಯ ಹಾಗೆ ನಿಂತಿದ್ದೀಯ, ಕೈ ನೋಯ್ತಿದ್ಯಾ? ಅವನ ಬಟ್ಟಲು ಖಾಲಿ ಇದೆ. ಸುರಿ.”

ತೌರೀನ ಸುರಿದ, ಬಟ್ಟಲಿನ ಅಂಚಿನ ತನಕ. ಮಾಕ್ರೀನ ಮೇಷ್ಟ್ರು, “ಸೋಮವಾರ ಬೆಳಿಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಬಾರಯ್ಯ, ಕುರ್ಚಿ ಹಾಕಿಸಿರ್ತೀನಿ,” ಎಂದರು, ಹರಿದ ದನಿಯಲ್ಲಿ. ಬಾಗಿಲ ಹಿಂದೆ ಏನೋ ಒಡೆದ ಸದ್ದಾಯಿತು. ನೆರ್ತಕ್ಕ ಕದ್ದು ಕೇಳುತ್ತಿದ್ದಳು. ಇಡಾಲಿಯಾ ಕೂತಲ್ಲಿಂದಲೇ, “ಒಡೆದದ್ದು ಒಡೀಲಿ ಬಿಡೇ,” ಎಂದು ಕೂಗಿ ಹೇಳಿದಳು.

ಸಿಲ್ವೀನ ತ್ರೋಫಿಮನ ತೋಳು ಹಿಡಿದು ಅಲುಗಾಡಿಸಿದ. “ಪಂದ್ಯ ಇನ್ನೂ ಮುಗಿದಿಲ್ಲ. ಈಗ ನಿಮ್ಮ ಸರದಿ ತಾತ. ಆಗ ಆಡಿದ್ದು ಅಪ್ಪನ ಲೆಕ್ಕಕ್ಕೆ, ಈಗ ನಿಮ್ಮ ಲೆಕ್ಕಕ್ಕೆ. ಹೇಳಿ.”

ಮೇಷ್ಟ್ರು ಕಣ್ಣೊರೆಸಿಕೊಂಡು ಮೇಜು ತಟ್ಟತೊಡಗಿದರು. ಒಂದು, ಎರಡು. ತ್ರೋಫಿಮ ಬಾಯಿ ತೆರೆದ. ಮೂರು, ನಾಲ್ಕು. ಇಪ್ಪತ್ತೆರಡು ವರ್ಷ ಆ ಬೆಂಚಿನ ಮೇಲೆ ಕೂತು ಕೂಡಿಟ್ಟ ಮಾತುಗಳಲ್ಲಿ ಒಂದೂ ಅವನಿಗೆ ಹೊಳೆಯಲಿಲ್ಲ. ತಲೆಯೊಳಗೆ ಗುಡಿಸಿದ ಹಾಗಿತ್ತು. ಎಂಟು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು, ಅವನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ಹತ್ತು.

“ಸೋತ,” ಎಂದು ತೌರೀನ ಕುಣಿದು ಹೂಜಿಯನ್ನು ಅವನ ಕೈಗೆ ಕೊಟ್ಟ. “ಏಳ್ರಿ ತ್ರೋಫಿಮನವರೇ. ಪಂದ್ಯ ಅಂದ್ರೆ ಪಂದ್ಯ.”

ತ್ರೋಫಿಮ ಎದ್ದ. ಮೂವತ್ತಾರು ವರ್ಷ ಸುರಿದ ಕೈ, ಹನಿ ಚೆಲ್ಲದೆ ಎಲ್ಲರಿಗೂ ಸುರಿಯಿತು. ಕೊನೆಯದಾಗಿ ವೆರಾನಿಯನ ಬಟ್ಟಲು ತುಂಬಿಸಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತುಕೊಂಡ. ಎಲ್ಲರೂ ತನ್ನನ್ನು ಯಾಕೆ ನೋಡುತ್ತಿದ್ದಾರೆಂದು ಒಂದು ಗಳಿಗೆ ಅವನಿಗೆ ತಿಳಿಯಲೇ ಇಲ್ಲ. ತಿಳಿದಮೇಲೆ ಅವನಿಗೆ ಎಂಥ ನಗು ಬಂತೆಂದರೆ, ಹೂಜಿಯನ್ನು ನೆಲಕ್ಕಿಟ್ಟು ಎರಡು ಕೈಯಿಂದಲೂ ಪಕ್ಕೆ ಹಿಡಿದುಕೊಳ್ಳಬೇಕಾಯಿತು. ನಗುತ್ತಲೇ ಬಂದು, ವೆರಾನಿಯ ಸರಿದು ಬಿಟ್ಟುಕೊಟ್ಟ ಜಾಗದಲ್ಲಿ, ಈ ಸಲ ಸರಿಯಾಗಿ ಎಡಮೊಣಕೈ ಊರಿ ಒರಗಿದ, ಆರಿದ ಹಾವುಮೀನನ್ನು ತನ್ನ ಕಡೆಗೆ ಎಳೆದುಕೊಂಡ.